ಶ್ ಸಾಹೇಬರ ಟಿವಿಗೆ ಸೌಂಡು ಸಾಲದು

ನಮ್ಮ ಬೀದಿಯಲ್ಲಿ ಜೋರಾಗಿ ಬದುಕಿದವರಿಲ್ಲ. ಬೀದಿಯ ನಡುಮನೆಯಲ್ಲಿ ಶ್ ಸಾಹೇಬರು ಇರುವುದೇ ಇದಕ್ಕೆ ಕಾರಣ. ನಗರಸಭೆಯ ಶಬ್ದ ನಿಯಂತ್ರಣ ಶಾಖೆಯಲ್ಲಿ ಅವರು ಇನ್‌ಸ್ಪೆಕ್ಟರು. ಟಾರ್ಚಿನಂಥದೊಂದು ಯಂತ್ರ ಹಿಡಿದು ಊರು ಸುತ್ತುವುದು, ಯಾರ ಮನೆಯ ಸದ್ದು ಎಷ್ಟಿದೆ ಎಂದು ಅಳೆಯುವುದು, ಹೆಚ್ಚು ಕಂಡರೆ ನೋಟಿಸು ಕೊಡುವುದು ಅವರ ಉದ್ಯೋಗ. ಅಪ್ಪ ಅಮ್ಮ ಇಟ್ಟ ಹೆಸರು ಒಂದು ಅವರಿಗೆ ಇದ್ದೇ ಇದೆ. ಆದರೆ ತುಟಿಯ ಮೇಲೆ ಬೆರಳಿಟ್ಟು "ಶ್!" ಎನ್ನದೆ ಅವರು ಯಾರೊಡನೆಯೂ ಮಾತು ಶುರು ಮಾಡಿದವರಲ್ಲ. ಹಾಗಾಗಿ ಆ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿದೆ.

ನಾನು ಎದುರುಮನೆಯವನು. ಸೀನು ಬಂದರೆ ದಿಂಬಿಗೆ ಮುಖ ಒತ್ತಿ ಸೀನುತ್ತೇನೆ. ನಮ್ಮ ಬೀದಿಯ ನಾಯಿ ಮೊದಲು ಅವರ ಮನೆ ಕಡೆ ಒಮ್ಮೆ ನೋಡಿ ಆಮೇಲೆ ಬೊಗಳುತ್ತದೆ. ಹಾಗೆಂದು ಸಾಹೇಬರು ಕೆಟ್ಟವರಲ್ಲ. ಅವರೂ ಪಿಸುಮಾತಿನಲ್ಲೇ ಮಾತಾಡುತ್ತಾರೆ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಮುಚ್ಚುತ್ತಾರೆ, ಚಮಚ ಲೋಟಕ್ಕೆ ತಾಗದಂತೆ ಸಕ್ಕರೆ ಕದಡುತ್ತಾರೆ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಅವರಷ್ಟು ಗಂಭೀರವಾಗಿ ತೆಗೆದುಕೊಂಡವರನ್ನು ನಾನು ಕಂಡಿಲ್ಲ.

ಇಂಥ ಮನೆಗೆ ಒಂದು ದಿನ ಟಿವಿ ಬಂತು. ಸಾಹೇಬರ ಭಾಮೈದ ತನ್ನ ಅಕ್ಕನಿಗೆಂದು ಗೋಡೆಯಗಲದ ಟಿವಿ ಕಳಿಸಿದ್ದ. ಅಂಗಡಿಯ ಮೆಕ್ಯಾನಿಕ್ಕು ಬಂದು ಗೋಡೆ ಕೊರೆದು ಅದನ್ನು ನೇತುಹಾಕಿದ. ಕೊರೆಯುವಷ್ಟು ಹೊತ್ತೂ ಸಾಹೇಬರು ಕಿವಿ ಮುಚ್ಚಿಕೊಂಡು ಅಂಗಳದಲ್ಲಿ ನಿಂತಿದ್ದರು.

"ಸಾರ್, ಸೌಂಡ್ ಸೆಟ್ಟಿಂಗ್ ಒಂದು ಮಾಡ್ಕೊಟ್ಟು ಹೊರಡ್ತೀನಿ" ಎಂದ ಮೆಕ್ಯಾನಿಕ್ಕು.

"ಶ್! ಸೌಂಡು? ನನಗೆ?" ಸಾಹೇಬರು ನಕ್ಕರು. "ಈ ಊರಿನ ಸೌಂಡೆಲ್ಲ ನನ್ನ ಕೈಯಲ್ಲೇ ಇರೋದು ಕಣಪ್ಪ. ನೀನು ಹೊರಡು."

ಅವನು ಹೊರಟ. ಸಾಹೇಬರು ರಿಮೋಟು ಕೈಗೆತ್ತಿಕೊಂಡು, ಹೆಂಡತಿ ಮತ್ತು ಅತ್ತೆಯವರ ಎದುರಿಗೆ ಒಂದೊಂದೇ ಗುಂಡಿ ಒತ್ತುತ್ತಾ ಹೋದರು. ಪರದೆಯ ಮೇಲೆ ಏನೇನೋ ಬಂದು ಹೋಯಿತು. ಕೊನೆಗೊಂದು ಪ್ರಶ್ನೆ ಬಂದು ನಿಂತಿತು: "ಹುಲಿಗರ್ಜನೆ ಸಿಕ್ಕಿದೆ. ಜೋಡಿಸಲೇ?"

"ನೋಡಿದ್ಯಾ?" ಎಂದರು ಸಾಹೇಬರು ಹೆಂಡತಿಗೆ. "ಹುಲಿಗರ್ಜನೆ ಅಂತ ಸ್ಪೆಷಲ್ ಸೌಂಡೇ ಇದೆ ಇದ್ರಲ್ಲಿ. ಆ ಮೆಕ್ಯಾನಿಕ್ಕು ಬಾಯೇ ಬಿಡ್ಲಿಲ್ಲ."

"ಅದು ಏನು ಅಂತ ಓದಿ ನೋಡಿ ಒತ್ತಿ" ಎಂದರು ಹೆಂಡತಿ.

ಅಷ್ಟರಲ್ಲಿ ಒತ್ತಿ ಆಗಿತ್ತು. ಯಾರು ಏನು ಕೇಳಿದರೂ ಸರಿ ಎಂದು ಒತ್ತಿಬಿಡುವುದು ಸಾಹೇಬರ ಹುಟ್ಟುಗುಣ. ಹುಲಿಯೇನೂ ಗರ್ಜಿಸಲಿಲ್ಲ. ಬದಲಿಗೆ ಇದ್ದ ಸದ್ದೂ ಇಳಿದುಹೋಗಿ, ಟಿವಿ ಥೇಟ್ ಸಾಹೇಬರ ಹಾಗೆಯೇ ಪಿಸುಗುಟ್ಟತೊಡಗಿತು.

ಇನ್ನು ಹುಲಿ ಎಲ್ಲಿತ್ತು? ಗುಟ್ಟನ್ನು ಗಂಟುಕಟ್ಟಿಟ್ಟು ಕೊನೆಗೆ ಬಿಚ್ಚುವ ಜಾಣತನ ನನಗಿಲ್ಲ. ಈಗಲೇ ಹೇಳಿಬಿಡುತ್ತೇನೆ.

ಸಾಹೇಬರದು ಬಾಡಿಗೆ ಮನೆ. ಓನರು ಮೇಲಿನ ಮಹಡಿಯಲ್ಲಿದ್ದಾರೆ. ಕೆಳಗೆ ಸಾಹೇಬರ ಮನೆ, ಅದಕ್ಕೆ ಗೋಡೆ ಹಂಚಿಕೊಂಡಂತೆ ಒಂದು ಕೋಣೆ. ಆ ಕೋಣೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಇದ್ದಾಳೆ. ಹಿರಿಯರು ಕಿರಿಯರೆನ್ನದೆ ಎಲ್ಲರೂ ಕರೆಯುವುದು ಹೊಲಿಗೆ ಅಕ್ಕ ಎಂದೇ. ಅವಳ ಮನೆ, ಅಂಗಡಿ, ಸಂಸಾರ ಎಲ್ಲ ಆ ಒಂದು ಕೋಣೆಯೇ. ಅದರಲ್ಲಿ ಒಂದು ಗೋಡೆ ಬೀರು ಉಂಟು. ಅದಕ್ಕೆ ಮಾತ್ರ ಓನರು ಬೀಗ ಹಾಕಿ, "ಕೋಣೆ ಬಾಡಿಗೆಗೆ, ಬೀರು ನಂದು" ಎಂದು ಮೊದಲೇ ಕರಾರು ಮಾಡಿದ್ದರು. ಬಾಡಿಗೆಗೆ ಕೊಟ್ಟ ಮನೆಯಲ್ಲೂ ಒಂದು ಮೂಲೆಯನ್ನು ತಮ್ಮದೇ ಎಂದು ಬೀಗ ಹಾಕಿಟ್ಟುಕೊಳ್ಳದಿದ್ದರೆ ಓನರುಗಳಿಗೆ ನಿದ್ದೆ ಬರುವುದಿಲ್ಲ.

ಆ ಬೀರುವಿನಲ್ಲಿ ಇದ್ದದ್ದು ಹುಲಿಗರ್ಜನೆ ಎಂಬ ಹೆಸರಿನ, ಸೊಂಟದೆತ್ತರದ ಸ್ಪೀಕರ್. ಓನರಿಗೆ ನಿವೃತ್ತಿಯಾದ ಮೇಲೆ ಹಾಡುವ ಹುಚ್ಚು ಹಿಡಿದು ಅದನ್ನು ತಂದಿದ್ದರು. ಎರಡು ಹಾಡು ಕೇಳಿದ್ದೇ ಅವರ ಹೆಂಡತಿ, "ಒಂದಾ ಇದು ಈ ಮನೇಲಿರ್ಬೇಕು, ಇಲ್ಲಾ ನಾನಿರ್ಬೇಕು" ಎಂದರು. ಓನರು ಸ್ವಲ್ಪ ಯೋಚನೆ ಮಾಡಿ, ಅಂಗಡಿಗೆ ವಾಪಸು ಕೊಡುತ್ತೇನೆಂದು ಸ್ಪೀಕರನ್ನು ಹೊತ್ತುಕೊಂಡು ಮುಂಬಾಗಿಲಿನಿಂದ ಹೊರಟರು. ಹೊಲಿಗೆ ಅಕ್ಕ ದಾರ ತರಲು ಪೇಟೆಗೆ ಹೋಗಿದ್ದ ಹೊತ್ತು ನೋಡಿ, ಅವಳ ಕೋಣೆಯ ಬೀರುವಿಗೆ ಅದನ್ನು ತುರುಕಿದರು. ಬ್ಯಾಟರಿ ಸಾಯಬಾರದೆಂದು ಒಳಗಿದ್ದ ಪ್ಲಗ್ಗಿಗೂ ಸಿಕ್ಕಿಸಿದರು. ಅದಕ್ಕೆ ಬಣ್ಣಬಣ್ಣದ ದೀಪಗಳಿದ್ದವು. ದೀಪ ಆರಿಸಿದ ಓನರು, ಸ್ಪೀಕರನ್ನೇ ಆರಿಸಿದೆನೆಂದು ತಿಳಿದು ಬೀಗ ಜಡಿದರು. ಅಲ್ಲಿಂದಾಚೆಗೆ ಅದು ಕತ್ತಲಲ್ಲಿ ಕೂತು, ಯಾರಾದರೂ ಕರೆಯುತ್ತಾರೇನೋ ಎಂದು ಕಾಯುತ್ತಲೇ ಇತ್ತು. ಬ್ಲೂಟೂತ್ ಎಂಬುದಕ್ಕೆ ಗೋಡೆಯ ಅಡ್ಡಿಯಿಲ್ಲ. ಕರೆದವರು ಶ್ ಸಾಹೇಬರು.

ಆ ದಿನ ಸಂಜೆ ಸಾಹೇಬರ ಅತ್ತೆ ಧಾರಾವಾಹಿ ನೋಡಲು ಕೂತರು.

"ಅಳಿಯಂದ್ರೇ, ಏನೂ ಕೇಳಿಸ್ತಿಲ್ಲ. ತುಟಿ ಮಾತ್ರ ಅಲ್ಲಾಡ್ತಿದೆ" ಎಂದರು.

ಸಾಹೇಬರು ಸೌಂಡು ಏರಿಸಿದರು. ಟಿವಿಯಲ್ಲಿ ಒಂದು ಚೂರು ಏರಿತು. ಗೋಡೆಯಾಚೆ, ಬೀರುವಿನೊಳಗೆ, ಒಬ್ಬ ಅತ್ತೆ ಒಬ್ಬ ಸೊಸೆಗೆ ಬೀದಿಗೆಲ್ಲ ಕೇಳುವಂತೆ ಬೈಯತೊಡಗಿದಳು.

"ಇದೇನು ಗೋಡೆಯಾಚೆ ಇಷ್ಟು ಗಲಾಟೆ!" ಸಾಹೇಬರ ಹುಬ್ಬು ಗಂಟಾಯಿತು. "ಆ ಹೊಲಿಗೆಯಾಕೆ ಟಿವಿ ತಂದಿದ್ದಾಳೆ ಅಂತ ಕಾಣತ್ತೆ. ಅವಳ ಟಿವಿ ಸದ್ದಲ್ಲಿ ನಮ್ಮದು ಕೇಳಿಸ್ತಿಲ್ಲ." ಎಂದು ಮತ್ತಷ್ಟು ಏರಿಸಿದರು. ಆಚೆಯ ಗಲಾಟೆಯೂ ಅಷ್ಟೇ ಏರಿತು.

"ಪಾಪ, ಆಕೆಗೂ ಇದೇ ಧಾರಾವಾಹಿ ಇಷ್ಟ ನೋಡಿ" ಎಂದರು ಅತ್ತೆ. ಅವರಿಗೆ ಹೊಲಿಗೆ ಅಕ್ಕನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂದುಬಿಟ್ಟಿತು.

ಗೋಡೆಯಾಚೆ ನಡೆದದ್ದು ಬೇರೆ. ಒಬ್ಬ ಮದುಮಗಳು ತನ್ನ ತಾಯಿಯೊಡನೆ ಮದುವೆ ಬಟ್ಟೆಯ ಅಳತೆ ನೋಡಲು ಬಂದಿದ್ದಳು. ಹೊಲಿಗೆ ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತೋಳಿನ ಹತ್ತಿರ ಹಿಡಿಸುತ್ತಿದ್ದಾಗ, ಬೀರು ಗುಡುಗಿತು:

"ಈ ಮದುವೆ ನಡೆಯೋಕೆ ನಾನು ಬಿಡೋದಿಲ್ಲ! ಆ ಹುಡುಗನ ಬಂಡವಾಳ ನಂಗೊತ್ತು!"

ಹಿಂದೆಯೇ ಸಿಡಿಲಿನ ಸದ್ದು. ಅದರ ಹಿಂದೆ ಹೆಂಗಸೊಬ್ಬಳ ಗಹಗಹಿಸುವ ನಗೆ.

ಮದುಮಗಳು ಕಿಟಾರನೆ ಕಿರುಚಿದಳು. ಆಕೆಯ ತಾಯಿ ಮಾತ್ರ ಕಿರುಚಲಿಲ್ಲ. "ಯಾರು ಮಾತಾಡಿದ್ದು? ಹುಡುಗನ ಬಗ್ಗೆ ಅವರಿಗೆ ಏನು ಗೊತ್ತಂತೆ?" ಎಂದು ಬೀರುವನ್ನೇ ವಿಚಾರಿಸಿದರು. ಬೀರು ಜಾಹೀರಾತಿಗೆ ಹೊರಳಿಕೊಂಡು ಸೋಪಿನ ಗುಣಗಾನ ಮಾಡಿತು. ತಾಯಿ ಮಗಳು ಸೂಜಿ ಚುಚ್ಚಿದ ಬಟ್ಟೆಯನ್ನು ಹಾಗೇ ಎತ್ತಿಕೊಂಡು ಹೊರಟುಹೋದರು. ಅವತ್ತೇ ರಾತ್ರಿ ಹುಡುಗನ ಮನೆಗೆ ಹೋಗಿ ಅವನನ್ನು ಚೆನ್ನಾಗಿ ಜಾಲಾಡಿದರಂತೆ.

ಮಾರನೆಯ ದಿನ ಬೀದಿಯವರೆಲ್ಲ ಸೇರಿ ಓನರಿಗೆ ದೂರು ಹೇಳಿದೆವು. ನಮ್ಮ ಉತ್ಸಾಹಕ್ಕೆ ಕಾರಣವೂ ಇತ್ತು. ವರ್ಷಗಟ್ಟಲೆ ಸೀನನ್ನೂ ನುಂಗಿ ಬದುಕಿದವರು ನಾವು. ಬೇರೊಬ್ಬರು ಸದ್ದು ಮಾಡಿ ಸಿಕ್ಕಿಬಿದ್ದದ್ದು ನಮಗೆ ಒಳಗೊಳಗೇ ಹಿತವಾಗಿತ್ತು. ಓನರು ಸಾಹೇಬರನ್ನು ಕರೆತಂದರು. ಸಾಹೇಬರು ಸಮವಸ್ತ್ರ ತೊಟ್ಟು, ಯಂತ್ರ ಹಿಡಿದು, ಪಕ್ಕದ ಬಾಗಿಲಿಗೆ ಅಧಿಕೃತ ಭೇಟಿ ಕೊಟ್ಟರು. ಟಿವಿ ಆರಿಸಿ ಬಂದಿದ್ದರಿಂದ ಕೋಣೆ ಮಸಣಮೌನವಾಗಿತ್ತು.

"ಶ್! ನೋಡಮ್ಮ, ನಿನ್ನ ಟಿವಿ ಸದ್ದು ಜಾಸ್ತಿಯಾಯ್ತು."

"ಸಾರ್, ನನ್ನ ಹತ್ರ ಟಿವಿನೇ ಇಲ್ಲ. ರೇಡಿಯೋನೂ ಇಲ್ಲ. ಈ ಬೀರುನಿಂದ ಬರ್ತಿದೆ ಸದ್ದು. ಬೀಗ ತೆಗ್ಸಿ ನೋಡಿ."

ಎಲ್ಲರೂ ಓನರ ಮುಖ ನೋಡಿದರು. ಓನರಿಗೆ ಸ್ಪೀಕರ್ ನೆನಪಾಯಿತು. ಸ್ಪೀಕರಿನ ಹಿಂದೆಯೇ ಹೆಂಡತಿ ನೆನಪಾದರು. ಆಕೆ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದರು.

"ಬೀರುನಲ್ಲಿ ಹಳೇ ಹಾಸಿಗೆ ಇದೆ ಅಷ್ಟೇ" ಎಂದರು ಓನರು. "ಹಾಸಿಗೆ ಮಾತಾಡುತ್ತಾ? ಬೀಗದ ಕೈ ಎಲ್ಲೋ ಕಳೆದುಹೋಗಿದೆ. ಅಲ್ಲಾ ಸಾಹೇಬ್ರೇ, ನೀವು ಬಂದ ತಕ್ಷಣ ಸದ್ದು ಹೇಗೆ ನಿಲ್ತು ನೋಡಿ!"

ಈ ಮಾತು ನಮಗೆಲ್ಲ ಸರಿಯೆನಿಸಿತು. ಸಾಹೇಬರು ಬಂದಾಗ ಸದ್ದು ನಿಲ್ಲುತ್ತದೆ, ಅವರು ಮನೆ ಸೇರಿದ ಮೇಲೆ ಶುರುವಾಗುತ್ತದೆ. ಇವಳು ಟಿವಿಯನ್ನು ಎಲ್ಲೋ ಬಚ್ಚಿಟ್ಟು ಎಲ್ಲರಿಗೂ ಮಂಕುಬೂದಿ ಎರಚುತ್ತಿದ್ದಾಳೆ ಎಂದು ಬೀದಿ ತೀರ್ಮಾನಿಸಿತು. ಸಾಹೇಬರು ನೋಟಿಸು ಬರೆದು ಕೊಟ್ಟರು. ಓನರು ಸಂದರ್ಭ ನೋಡಿ, "ಇನ್ನೊಂದ್ಸಲ ಹೀಗಾದ್ರೆ ಕೋಣೆ ಖಾಲಿ ಮಾಡ್ಬೇಕಾಗುತ್ತೆ" ಎಂದು ಸೇರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗಾಯಿತು.

ಇನ್ನೊಂದು ಸಲ ಆಗಲು ತಡವೇನೂ ಆಗಲಿಲ್ಲ. ಸಾಹೇಬರ ಟಿವಿ ದಿನದಿನಕ್ಕೆ ಇನ್ನಷ್ಟು ಪಿಸುಗುಟ್ಟುತ್ತಿತ್ತು. ಅವರು ಅದರ ಬೆನ್ನು ತಟ್ಟಿ ನೋಡಿದರು. ದೂಳು ಊದಿದರು. ಅಳತೆಯ ಯಂತ್ರವನ್ನು ಅದರ ಮುಂದೆ ಹಿಡಿದು, "ಅಂಕಿ ಪ್ರಕಾರ ಈ ಟಿವಿ ಕಾನೂನಿಗೆ ತಲೆಬಾಗಿದೆ" ಎಂದು ಅತ್ತೆಗೆ ಸಮಾಧಾನ ಹೇಳಿದರು. "ಕಾನೂನಿಗೆ ತಲೆ ಬಾಗ್ಲಿ, ನನ್ನ ಕಿವಿಗೆ ಬಾಗ್ಬೇಡ್ವಾ?" ಎಂದು ಅತ್ತೆ ರಿಮೋಟು ಕಿತ್ತುಕೊಂಡು ಸೌಂಡನ್ನು ಕೊನೆಮುಟ್ಟ ಏರಿಸಿದರು. ಮೆಕ್ಯಾನಿಕ್ಕನ್ನು ಕರೆಸಿ ಎಂದು ಹೆಂಡತಿ ಗೋಗರೆದರು. ಸೌಂಡಿನ ಇಲಾಖೆಯವರ ಮನೆಗೆ ಸೌಂಡು ರಿಪೇರಿಗೆ ಜನ ಬಂದರೆಂದರೆ ಮರ್ಯಾದೆ ಉಳಿದೀತೇ? ಸಾಹೇಬರು ಒಪ್ಪಲಿಲ್ಲ.

ಸುದ್ದಿ ಕಚೇರಿಗೂ ಹೋಯಿತು. ಮೇಲಧಿಕಾರಿ ಸಾಹೇಬರನ್ನು ಕರೆಸಿ, "ನಿಮ್ಮ ಗೋಡೆ ಪಕ್ಕದ ಸದ್ದನ್ನೇ ನಿಲ್ಲಿಸೋಕಾಗ್ದೋರು ಊರಿನ ಸದ್ದು ಏನ್ರೀ ನಿಲ್ಲಿಸ್ತೀರಿ? ಇವತ್ತು ಸಂಜೆ ನಾನೇ ಬರ್ತೀನಿ" ಎಂದರು.

ಸಂಜೆ ಮೇಲಧಿಕಾರಿಗಳು ಜೀಪಿನಲ್ಲಿ ಬಂದಿಳಿದರು. ಹೊಲಿಗೆ ಅಕ್ಕನ ಕೋಣೆಯಲ್ಲಿ ಜನವೋ ಜನ. ಮಧ್ಯದಲ್ಲಿ ಮೇಲಧಿಕಾರಿ, ಪಕ್ಕದಲ್ಲಿ ಯಂತ್ರ ಹಿಡಿದ ಸಾಹೇಬರು, ಬೀರುವಿಗೆ ಬೆನ್ನು ಕೊಟ್ಟು ನಿಂತ ಓನರು, ಬಾಗಿಲ ತುಂಬ ನಾವು. ಹೊಲಿಗೆ ಅಕ್ಕ ಮೂಲೆಯಲ್ಲಿ ಮಿಷನ್ನಿನ ಮೇಲೆ ಕೈಯಿಟ್ಟು ನಿಂತಿದ್ದಳು. ಧಾರಾವಾಹಿಯ ಹೊತ್ತು. ಬೀರುವಿನೊಳಗೆ ಒಬ್ಬ ಸೊಸೆ ಎದೆ ಬಿರಿಯುವಂತೆ ಅಳುತ್ತಿದ್ದಳು. ಯಂತ್ರದ ಅಂಕಿಗಳು ದಿಕ್ಕೆಟ್ಟು ಓಡುತ್ತಿದ್ದವು.

"ನೋಡಿ ಸಾರ್, ನಾನು ಬಾಯೇ ತೆಗೆದಿಲ್ಲ" ಎಂದಳು ಹೊಲಿಗೆ ಅಕ್ಕ.

"ಎಲ್ಲೋ ಬಚ್ಚಿಟ್ಟಿದ್ದಾಳೆ ಸಾರ್" ಎಂದರು ಓನರು. ಅವರ ಬೆನ್ನ ಹಿಂದಿನ ಬೀರು ಬಿಕ್ಕುತ್ತಿತ್ತು.

ಇಷ್ಟು ದೊಡ್ಡವರು ಬೀದಿಗೆ ಬಂದಿರುವಾಗ ಮನೆಯಲ್ಲಿ ಒಂದು ಲೋಟ ಕಾಫಿಯಾದರೂ ಸಿದ್ಧವಿರಬೇಕಲ್ಲ ಎಂದು ಸಾಹೇಬರಿಗೆ ಹೊಳೆಯಿತು. ಕಿಟಕಿಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು, ಮನೆಗೆ ಫೋನು ಮಾಡಿದರು. ಎತ್ತಿದವರು ಅತ್ತೆ.

"ಏನು? ಕೇಳಿಸ್ತಿಲ್ಲ! ತಡೀರಿ ಅಳಿಯಂದ್ರೇ, ಟಿವಿ ಸೌಂಡ್ ತೆಗೀತೀನಿ."

ಬೀರುವಿನೊಳಗಿನ ಸೊಸೆ ಅಳು ಅರ್ಧಕ್ಕೇ ನಿಲ್ಲಿಸಿದಳು.

ಕೋಣೆಯಲ್ಲಿ ಎಲ್ಲರೂ ಬೀರು ನೋಡಿದರು. ಸಾಹೇಬರು ಫೋನು ನೋಡಿದರು.

"ಹ್ಞಾ, ಈಗ ಹೇಳಿ" ಎಂದರು ಅತ್ತೆ.

"ಕಾಫಿ... ಇಡಿ" ಎಂದರು ಸಾಹೇಬರು. ಅತ್ತೆ ಫೋನಿಟ್ಟರು. ಸೊಸೆ ಬಿಟ್ಟಲ್ಲಿಂದ ಅಳತೊಡಗಿದಳು.

ಸಾಹೇಬರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಮತ್ತೆ ಫೋನು ಮಾಡಿದರು. ಮತ್ತೆ ಅಳು ನಿಂತಿತು.

"ಅತ್ತೆ," ಅವರ ಪಿಸುಮಾತು ಅವರಿಗೇ ಕೇಳಿಸದಷ್ಟು ಸಣ್ಣಗಾಗಿತ್ತು, "ಸೌಂಡ್ ಹಾಕಿ ಒಂದು ಚಾನಲ್ ಬದಲಾಯಿಸಿ."

"ನಾಳೆ ಭಾಗಶಃ ಮೋಡ ಕವಿದ ವಾತಾವರಣ ಇರಲಿದೆ" ಎಂದಿತು ಬೀರು.

"ಇನ್ನೊಂದು."

"ಗೋಲ್!" ಎಂದು ಬೀರುವಿನೊಳಗೆ ಒಂದು ಊರಿಗೆ ಊರೇ ಕಿರುಚಿಕೊಂಡಿತು.

ಭೂಮಿ ಬಾಯಿಬಿಡಲಿ ಎಂದು ಹಳೆಯ ಕಥೆಗಳಲ್ಲಿ ಜನ ಬೇಡಿಕೊಳ್ಳುತ್ತಾರೆ. ಸಾಹೇಬರೂ ಬೇಡಿಕೊಂಡಿರಬೇಕು, ಯಾಕೆಂದರೆ ಅವರು ನೆಲವನ್ನೇ ನೋಡುತ್ತಿದ್ದರು. ಅವರ ಮೈ ಸಮವಸ್ತ್ರದೊಳಗೆ ಹಿಡಿಯಷ್ಟಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನೋಟಿಸು ಕೊಟ್ಟ ಕೈಯೇ ರಿಮೋಟು ಒತ್ತಿತ್ತು.

"ಆರಿಸಿಬಿಡಿ ಅತ್ತೆ. ಟಿವಿ ಆರಿಸಿಬಿಡಿ." ಬೀರುವಿನ ಗದ್ದಲದಲ್ಲಿ ಆ ಪಿಸುಮಾತು ಕೋಣೆಯ ಯಾರಿಗೂ ಕೇಳಿಸಲಿಲ್ಲ.

ಕೋಣೆ ತಣ್ಣಗಾಯಿತು. ಮೇಲಧಿಕಾರಿ ಕಣ್ಣರಳಿಸಿ ಸಾಹೇಬರ ಕಡೆ ತಿರುಗಿದರು. "ಏನ್ರೀ ಮಾಡಿದ್ರಿ?"

ಆ ಕ್ಷಣದಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಆಗಿಹೋಗುತ್ತಿತ್ತು. ಸಾಹೇಬರು ಬಾಯಿ ತೆರೆದರು. ಮೇಲಧಿಕಾರಿಯನ್ನು ನೋಡಿದರು, ನಮ್ಮೆಲ್ಲರನ್ನೂ ನೋಡಿದರು, ಹೊಲಿಗೆ ಅಕ್ಕನನ್ನು ಮಾತ್ರ ನೋಡಲಿಲ್ಲ.

"ಇಲಾಖೆಯಿಂದ ಕ್ರಮ ಕೈಗೊಂಡೆ ಸಾರ್" ಎಂದರು.

"ಭೇಷ್!" ಮೇಲಧಿಕಾರಿ ಅವರ ಬೆನ್ನು ತಟ್ಟಿದರು. ಬೆನ್ನು ತಟ್ಟಿದ ಸದ್ದು ಕೋಣೆಯಲ್ಲಿ ಜೋರಾಗಿಯೇ ಕೇಳಿಸಿತು.

ಮಾರನೆಯ ಬೆಳಿಗ್ಗೆ ಸಾಹೇಬರು ತಾರಸಿ ಹತ್ತಿ ಓನರನ್ನು ನೀರಿನ ಟ್ಯಾಂಕಿನ ಹಿಂದೆ ಕರೆದರು.

"ಬೀರುನಲ್ಲಿ ಏನಿದೆ?"

"ಹಾಸಿಗೆ."

"ಓನರೇ."

"ಸ್ಪೀಕರ್ರು" ಎಂದರು ಓನರು, ಕೆಳಗಿನ ಬಾಗಿಲ ಕಡೆ ನೋಡುತ್ತಾ. "ಮೆಲ್ಲಗೆ ಮಾತಾಡಿ. ನಮ್ಮನೆಯವಳು ಕೇಳಿಸ್ಕೊಂಡ್ರೆ ನಾನು ಕೆಟ್ಟೆ."

"ಆ ಸ್ಪೀಕರ್ರು ಮಾತಾಡ್ತಿದ್ದದ್ದು ನಮ್ಮನೆ ಟಿವಿ ಮಾತನ್ನ."

ಓನರ ಮುಖದಲ್ಲಿ ನೆಮ್ಮದಿ ಮೂಡಿತು. ಕುತ್ತಿಗೆಯವರೆಗೆ ಹೂತವನಿಗೆ ಪಕ್ಕದಲ್ಲೇ ಇನ್ನೊಬ್ಬ ಸಿಕ್ಕಿದರೆ ಆಗುವ ನೆಮ್ಮದಿ ಅದು.

"ಹಾಗಾದ್ರೆ ನೀವು ಸುಮ್ನಿರಿ, ನಾನೂ ಸುಮ್ನಿರ್ತೀನಿ. ನನಗೆ ಹೆಂಡ್ತಿ ಇದ್ದಾಳೆ, ನಿಮಗೆ ಕೆಲಸ ಇದೆ. ಆಕೆಗೆ ಖಾಲಿ ಮಾಡು ಅಂತ ಹೇಳ್ಬಿಟ್ಟಿದ್ದೀನಿ. ಆಕೆ ಹೋದ್ರೆ ಎಲ್ಲಾ ಸರಿಹೋಗತ್ತೆ."

"ಆಕೆ ಎಲ್ಲಿಗೆ ಹೋಗ್ತಾಳೆ?"

"ಎಲ್ಲಿಗೋ. ಸೂಜಿ ದಾರ ಇದ್ದೋರಿಗೆ ಎಲ್ಲಾದ್ರೂ ನಡೆಯತ್ತೆ."

ನಡೆಯುವುದಿಲ್ಲವೆಂದು ಸಾಹೇಬರಿಗೆ ಗೊತ್ತಿತ್ತು. ಅವಳ ಗಿರಾಕಿಗಳೆಲ್ಲ ಈ ಬೀದಿಯವರೇ. ಆ ಗಿರಾಕಿಗಳಾದ ನಾವು ಈಗ ಒಬ್ಬೊಬ್ಬರಾಗಿ ಬಟ್ಟೆ ವಾಪಸು ತರುತ್ತಿದ್ದೆವು. ಇಷ್ಟು ದೊಡ್ಡ ಸುಳ್ಳು ಹೇಳುವವಳು ಅಳತೆಯಲ್ಲಿ ಸತ್ಯ ಹೇಳುತ್ತಾಳೆಯೇ ಎಂಬುದು ಬೀದಿಯ ತರ್ಕ. ಇತ್ತ ಸಾಹೇಬರ ಕೀರ್ತಿ ಮೋಡ ಮುಟ್ಟಿತ್ತು. ಫೋನಿನಲ್ಲಿ ಎರಡು ಮಾತಾಡಿ ಸದ್ದಡಗಿಸಿದವರು ಎಂದು ಪಕ್ಕದ ಬೀದಿಯವರೂ ಬಂದು ನೋಡಿಕೊಂಡು ಹೋದರು. ಹೊಗಳಿದಷ್ಟೂ ಸಾಹೇಬರು ಕುಗ್ಗಿದರು. ಕುಗ್ಗಿದಷ್ಟೂ ನಾವು ಎಂಥ ವಿನಯ ಎಂದು ಇನ್ನಷ್ಟು ಹೊಗಳಿದೆವು. ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ.

ಮನೆಯಲ್ಲಿ ಅವರು ಟಿವಿ ಹಾಕಲೇ ಬಿಡಲಿಲ್ಲ. ಅತ್ತೆ ಕೆರಳಿ ಕೆಂಡವಾದರು.

"ಇದನ್ನ ಗೋಡೆಗೆ ನೇತು ಹಾಕಿರೋದು ಮುಖ ನೋಡ್ಕೊಳ್ಳೋಕಾ?"

ನಿಜಕ್ಕೂ ಆ ಕಪ್ಪು ಗಾಜಿನಲ್ಲಿ ಅಳಿಯಂದಿರ ಮುಖ ನಿಚ್ಚಳವಾಗಿ ಕಾಣುತ್ತಿತ್ತು. ಅವರು ಕುರ್ಚಿ ತಿರುಗಿಸಿಕೊಂಡು ಕೂತರು.

ಹಾಗೆ ಕೂತಿದ್ದಾಗಲೇ ಹೊಲಿಗೆ ಅಕ್ಕ ಬಂದಳು. ಸಾಹೇಬರ ಹೆಂಡತಿಯ ಬಟ್ಟೆಗಳನ್ನು ಹೊಲಿದು ಮಡಿಸಿ ತಂದಿದ್ದಳು.

"ತಗೊಳ್ಳಿ ಅಕ್ಕ. ಹೋಗೋಕೆ ಮುಂಚೆ ಒಪ್ಪಿಸಿಬಿಡೋಣ ಅಂತ. ನೀವೊಬ್ರೇ ಬಟ್ಟೆ ವಾಪಸ್ ಕೇಳದೇ ಇದ್ದೋರು."

"ಇನ್ನೂ ಕೋಣೆ ಸಿಕ್ಕಿಲ್ವಂತಲ್ಲ?"

"ಸಿಗತ್ತೆ ಬಿಡಿ. ಕೋಣೆಗೆ ಅಷ್ಟು ದುಃಖ ಇಲ್ಲ ನಂಗೆ." ಅವಳು ಸಾಹೇಬರ ಕಡೆ ತಿರುಗಿದಳು. "ಸಾರ್, ಒಂದು ಮಾತು ಕೇಳ್ಲಾ? ಬೀದಿಯೋರೆಲ್ಲ ನನ್ನ ಸುಳ್ಳಿ ಅಂತಾರೆ. ಹಾಲಿನವ್ನೂ ನಕ್ಕು ಹೋಗ್ತಾನೆ. ನೀವು ಕಾನೂನು ಗೊತ್ತಿರೋರು. ನಾನು ಸುಳ್ಳು ಹೇಳ್ಲಿಲ್ಲ ಅಂತ ನೀವಾದ್ರೂ ನಂಬ್ತೀರಾ?"

ಸಾಹೇಬರು "ನಂಬ್ತೀನಮ್ಮ" ಎಂದರು. ಅದು ಎಷ್ಟು ಮೆಲ್ಲಗಿತ್ತೆಂದರೆ, ಅವಳು ತುಟಿಯ ಚಲನೆ ನೋಡಿ ತಿಳಿದುಕೊಳ್ಳಬೇಕಾಯಿತು.

"ಅಷ್ಟು ಸಾಕು ಸಾರ್" ಎಂದು ಅವಳು ಕೈಮುಗಿದು ಹೊರಟಳು. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದಾಗದಂತೆ ಮುಚ್ಚಿ ಹೋದಳು.

ಆಕೆ ಹೋದ ಮೇಲೆ ಅತ್ತೆ ಸುಮ್ಮನೆ ಕೇಳಿದರು. "ಅಲ್ಲಾ, ಆವತ್ತು ಫೋನಲ್ಲಿ ಚಾನಲ್ ಬದಲಾಯ್ಸಿ ಚಾನಲ್ ಬದಲಾಯ್ಸಿ ಅಂದ್ರಲ್ಲ, ಯಾಕೆ?"

ಹೆಂಡತಿ ಬಟ್ಟೆ ಮಡಿಸುತ್ತಿದ್ದವರು ಕೈ ನಿಲ್ಲಿಸಿದರು. ಗಂಡನ ಮುಖ ನೋಡಿದರು, ಟಿವಿ ನೋಡಿದರು, ಪ್ಲಗ್ಗು ಕಿತ್ತಿಟ್ಟಿದ್ದನ್ನು ನೋಡಿದರು. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗುವುದಿಲ್ಲ.

"ರೀ... ಅದು ನಮ್ದಾ?"

ಸಾಹೇಬರು ಹೌದೆಂದು ತಲೆಯಾಡಿಸಿದರು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಈ ಮನೇಲಿ ಟಿವಿಗೆ ಮಾತ್ರ ಸೌಂಡಿಲ್ಲ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ದಿನ ಸಾಹೇಬರಿಗೆ ಬಡಿಸಿದವರು ಅತ್ತೆ.

ಭಾನುವಾರ ತಾರಸಿಯ ಮೇಲೆ ಸಾಹೇಬರಿಗೆ ಸನ್ಮಾನ. ಮೇಲಧಿಕಾರಿಗಳೇ ಮುಖ್ಯ ಅತಿಥಿ. ಬೀದಿಯವರೆಲ್ಲ ಸೇರಿ ಮುಳ್ಳು ಸದ್ದು ಮಾಡದ ಗೋಡೆ ಗಡಿಯಾರ ತಂದಿದ್ದೆವು. ಮೈಕು ಇರಲಿಲ್ಲ. ನಮ್ಮ ಬೀದಿಯಲ್ಲಿ ಮೈಕು ನಿಷೇಧಿಸಿದವರು ಸಾಹೇಬರೇ. ಓನರು ಸ್ವಾಗತ ಭಾಷಣದಲ್ಲಿ, ಈ ಬೀದಿಗೆ ಶಾಂತಿ ಮರಳಿತು ಎಂದರು. ಮೇಲಧಿಕಾರಿ, ಇದು ಇಡೀ ಇಲಾಖೆಗೆ ಮಾದರಿ ಪ್ರಕರಣ ಎಂದರು. ಅಷ್ಟರಲ್ಲಿ ಹೊಲಿಗೆ ಅಕ್ಕ ಕೋಣೆಯ ಬೀಗದ ಕೈ ಒಪ್ಪಿಸಲು ಮೆಟ್ಟಿಲು ಹತ್ತಿ ಬಂದು, ಕಾರ್ಯಕ್ರಮ ಮುಗಿಯಲೆಂದು ಬಾಗಿಲ ಬಳಿ ನಿಂತಳು. ಯಾರೂ ಅವಳಿಗೆ ಕುರ್ಚಿ ಸರಿಸಲಿಲ್ಲ.

ಸಾಹೇಬರು ಎದ್ದು ನಿಂತರು. ಗಡಿಯಾರ ಎದೆಗೆ ಅವಚಿಕೊಂಡಿದ್ದರು. ತುಟಿ ಅಲ್ಲಾಡಿತು.

"ಕೇಳಿಸ್ತಿಲ್ಲ ಸಾಹೇಬ್ರೇ!" ಎಂದರು ಹಿಂದಿನವರು.

ತುಟಿ ಮತ್ತೆ ಅಲ್ಲಾಡಿತು. ಮೊದಲ ಸಾಲಿನ ಮೇಲಧಿಕಾರಿಗೆ "ಟಿವಿ" ಎಂಬ ಒಂದು ಪದ ಕೇಳಿಸಿತು. ಟಿವಿಯವರನ್ನೂ ಕರೆಸಬೇಕಿತ್ತು ಎಂದಿರಬೇಕೆಂದು ತಿಳಿದು ಅವರು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಎರಡನೆಯ ಸಾಲಿನಲ್ಲಿದ್ದ ಸಾಹೇಬರ ಹೆಂಡತಿ ಮಾತ್ರ ತಟ್ಟಲಿಲ್ಲ.

"ಜೋರಾಗಿ ಸಾಹೇಬ್ರೇ, ಜೋರಾಗಿ!"

"ಸಾಕು ಸಾಕು, ಎಲ್ಲರಿಗೂ ಕೇಳಿಸ್ತು" ಎಂದು ಓನರು ಗಾಬರಿಯಿಂದ ಎದ್ದರು. "ಇನ್ನು ವಂದನಾರ್ಪಣೆ..."

"ಶ್!" ಎಂದರು ಸಾಹೇಬರು. ಓನರು ಕೂತರು.

ಆಮೇಲೆ ನಡೆದದ್ದನ್ನು ನಮ್ಮ ಬೀದಿ ಅಲ್ಲಿಯತನಕ ಕೇಳಿರಲಿಲ್ಲ. ಆ ಸಣ್ಣ ಎದೆಯಲ್ಲಿ ಅಂಥದೊಂದು ಗಂಟಲಿತ್ತೆಂದು ಹೆತ್ತ ತಾಯಿಗೂ ಗೊತ್ತಿರಲಿಕ್ಕಿಲ್ಲ.

"ಆ ಸದ್ದು ನಮ್ಮನೆ ಟಿವಿದು!" ಸಾಹೇಬರು ಕೂಗಿದರು. ತಂತಿಯ ಮೇಲೆ ಕೂತಿದ್ದ ಹಕ್ಕಿಗಳು ಎದ್ದವು. "ನಾನೇ ಗುಂಡಿ ಒತ್ತಿ ಬೀರುನಲ್ಲಿದ್ದ ಓನರ ಸ್ಪೀಕರಿಗೆ ಜೋಡಿಸ್ದೆ! ಗೊತ್ತಾದ ಮೇಲೂ ಮುಚ್ಚಿಟ್ಟೆ! ಹೊಲಿಗೆ ಅಕ್ಕ ಸುಳ್ಳು ಹೇಳ್ಲಿಲ್ಲ, ಸುಳ್ಳು ಹೇಳಿದ್ದು ನಾನು! ನಂಗೆ ನಾಚಿಕೆ ಆಗತ್ತೆ! ನಂಗೆ ನಾಚಿಕೆ ಆಗತ್ತೆ ಅಂದೆ!"

ಆಚೆಯ ಬೀದಿಯಲ್ಲಿ ಯಾರೋ ಕಿಟಕಿ ತೆರೆದು ನೋಡಿದರು. ಮೇಲಧಿಕಾರಿಯ ಎರಡೂ ಕೈ ಚಪ್ಪಾಳೆಯ ನಡುವೆ ಗಾಳಿಯಲ್ಲೇ ನಿಂತವು. ಆ ಮೌನದಲ್ಲಿ ಓನರ ಹೆಂಡತಿಯ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

"ಯಾವ ಸ್ಪೀಕರ್ರು?"

ನಾವು ಯಾರೂ ತಲೆಯೆತ್ತಲಿಲ್ಲ. ನಮ್ಮ ನಮ್ಮ ಚಪ್ಪಲಿಗಳನ್ನು ನಾವು ಅಷ್ಟು ಗಮನವಿಟ್ಟು ಹಿಂದೆಂದೂ ನೋಡಿರಲಿಲ್ಲ. ಸಾಹೇಬರು ಏದುಸಿರು ಬಿಡುತ್ತಾ ನಿಂತಿದ್ದರು. ಹಾಲಿನವನು, ಮದುಮಗಳ ತಾಯಿ, ಬಟ್ಟೆ ವಾಪಸು ತಂದವರು ಎಲ್ಲರೂ ಅಲ್ಲೇ ಇದ್ದೆವು.

ಹೊಲಿಗೆ ಅಕ್ಕ ಬಾಗಿಲಿನಿಂದ ಬಂದಳು. ಬೀಗದ ಕೈಯನ್ನು ತನ್ನ ಚೀಲದೊಳಗೆ ಹಾಕಿಕೊಂಡಳು. ಖಾಲಿ ಕುರ್ಚಿಯೊಂದನ್ನು ಎಳೆದು, ಅದು ನೆಲಕ್ಕೆ ಕರಕರನೆ ಉಜ್ಜಿ ಸದ್ದು ಮಾಡಿದರೂ ಲೆಕ್ಕಿಸದೆ, ನಮ್ಮೆಲ್ಲರ ನಡುವೆ ಹಾಕಿಕೊಂಡು ಕೂತಳು.

"ಸಾರ್," ಎಂದಳು, "ಹಿಂದೆ ಇದ್ದೋರಿಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."